ಬರತೈತಿ ಅಂದಿದ್ದೆ

ಮೊದಲ ಹನಿಗೂ ಎರಡನೆಯ ಹನಿಗೂ ನಡುವೆ ನಾಲ್ಕು ಸೆಕೆಂಡು. ಅರ್ಧ ಗಂಟೆಯ ಮೇಲೆ ಅದು ಏಳಾಗಿತ್ತು. ಮೊಸರು ಕಟ್ಟಿದ ತೆಳು ಬಟ್ಟೆ ಅಡುಗೆಮನೆಯ ಗೂಟಕ್ಕೆ ತೂಗುತ್ತಿತ್ತು, ಕೆಳಗಿನ ಪಾತ್ರೆಯಲ್ಲಿ ತಿಳಿನೀರು ಸೇರುತ್ತಿತ್ತು. ನಾನು ಎಣಿಸುತ್ತಿದ್ದೇನೆಂದು ಯಾರಿಗೂ ಗೊತ್ತಾಗಲಿಲ್ಲ.

ಇದು ಕಳೆದ ವಾರ, ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ. ಮರುದಿನ ಶ್ರೀಖಂಡ ಮಾಡುವವರಿದ್ದರು. ಹೊರಗೆ ಮಳೆ, ಒಳಗೆ ಒದ್ದೆ ಬಟ್ಟೆಯ ಹುಳಿ ವಾಸನೆ. ಕೊಟ್ಟ ಚಹಾ ಕುಡಿದೆ. ಊಟಕ್ಕೆ ನಿಲ್ಲಿರಿ ಅಂದರು, ನಿಲ್ಲಲಿಲ್ಲ. ಒಬ್ಬರಿಗೆ ಬಿಟ್ಟು ಯಾರಿಗೂ ಹೇಳದ ಒಂದು ವಿಷಯವನ್ನು ಬರೆದಿಡಬೇಕೆಂದು ಅಂದು ಸಂಜೆ ಅನಿಸಿತು.

ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲ ಅದು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬೆಳಗಾವಿಗೆ ಮರಳಿದ್ದೆ. ಪಿಎಚ್.ಡಿ.ಗೆ ಸೇರಿ ಒಂದು ವರ್ಷವಾಗಿತ್ತು. ನನ್ನ ವಿಷಯ ಪಾಲಿಮರ್: ಸಣ್ಣ ಅಣುಗಳನ್ನು ಒಂದಕ್ಕೊಂದು ಸಾಲಾಗಿ ಕೂಡಿಸಿ ಮಾಡಿದ ಉದ್ದನೆಯ ಎಳೆ. ಆ ಎಳೆಗೆ ಕ್ಯಾನ್ಸರಿನ ಔಷಧವನ್ನು ಕಟ್ಟುವುದು ಹೇಗೆ ಎಂದು ನೋಡಬೇಕಿತ್ತು. ಪರದೇಶದಿಂದ ತಡವಾಗಿ ಬರುವ ಪತ್ರಿಕೆಗಳ ನೆರಳಚ್ಚುಗಳನ್ನು ನನ್ನ ಮಾರ್ಗದರ್ಶಕರು ತರಿಸಿಕೊಡುತ್ತಿದ್ದರು. ನಾನು ಪೆನ್ಸಿಲಿನಿಂದ ಅಡಿಗೆರೆ ಹಾಕುತ್ತ ಓದುತ್ತಿದ್ದೆ. ಮನೆಯಲ್ಲಿ ಅದೇನು ಕೆಲಸವೆಂದು ಯಾರೂ ಕೇಳಿರಲಿಲ್ಲ. ಅಪ್ಪ ಇನ್ನೆಷ್ಟು ವರ್ಷ ಎನ್ನುತ್ತಿದ್ದರು. ಅವ್ವ ಬಂದ ವರಗಳ ಊರು ಹೇಳುತ್ತಿದ್ದಳು. ನಾನೂ ನಾನಾಗಿ ಹೇಳುವವಳಲ್ಲ.

ಕೇಳಿದವಳು ಶಾಂತಾ ಮಾವಶಿ ಒಬ್ಬಳೇ. ಅವ್ವನ ತಂಗಿ. ಖಾನಾಪುರದಲ್ಲಿ ಮನೆಯ ಪಡಸಾಲೆಯಲ್ಲಿ ಮಶೀನು ಇಟ್ಟುಕೊಂಡು ಹೆಂಗಸರ ಜಂಪರ್, ರವಿಕೆ ಹೊಲಿಯುತ್ತಿದ್ದಳು. ಅವಳ ಗಂಡ, ನಮಗೆ ಕಾಕಾ, ಅಲ್ಲಿನ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದರು. ಮಕ್ಕಳಿರಲಿಲ್ಲ. ಮಾವಶಿಗೆ ಆಗ ನಲವತ್ಮೂರು. ಮುಂದಿನ ಸಂಕ್ರಾಂತಿ ಬರುವ ಹೊತ್ತಿಗೆ ಅವಳಿರಲಿಲ್ಲ.

ಜೂನಿನಲ್ಲಿ, ಮಿರಗದ ಮಳೆ ಹಿಡಿದ ವಾರದಲ್ಲಿ ಅವಳು ಒಬ್ಬಳೇ ಬೆಳಗಾವಿಗೆ ಬಂದಳು. ಅವ್ವ ಹಿತ್ತಲಿನಲ್ಲಿದ್ದಾಗ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ, ಎಡಗಡೆಯ ಎದೆಯ ಮೇಲೆ ನನ್ನ ಕೈ ಇಟ್ಟುಕೊಂಡಳು. ಸೆರಗಿನ ಕೆಳಗೆ ಹುಣಸೆಬೀಜದಷ್ಟು ಗಟ್ಟಿ ಗಂಟು ಇತ್ತು. ಒತ್ತಿದರೆ ಜಾರಲಿಲ್ಲ.

"ನಿಮ್ಮವ್ವಗ ಹೇಳಬ್ಯಾಡ. ಆಕಿ ಓಣಿ ಕೂಡಿಸತಾಳ. ನೀ ಸುಮ್ಮನ ಇರೂಕಿ ಅಂತ ನಿನ್ನ ಕಡೆ ಬಂದೀನಿ."

ಸಿವಿಲ್ ಆಸ್ಪತ್ರೆಗೆ ನಾವಿಬ್ಬರೇ ಹೋದೆವು. ಸೂಜಿ ಹಾಕಿ ತೆಗೆದದ್ದರ ವರದಿ ನಾಲ್ಕು ದಿನಕ್ಕೆ ಬಂತು. ಸರ್ಜನ್ನರು ವಯಸ್ಸಾದವರು, ಮಾತು ಕಡಿಮೆ. ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು.

"ನೋಡ್ರಿ ಬಾಯಿ, ಇದು ಕ್ಯಾನ್ಸರ್ ಐತಿ. ಎದಿ ಪೂರ್ತಿ ತಗೀಬೇಕಾಗತೈತಿ. ಹದಿನೈದ ದಿನದಾಗ ಬಂದು ಅಡ್ಮಿಟ್ ಆಗ್ರಿ. ಈಗ ತಗದ್ರ ಉಳಿಯೂ ಆಶಾ ಚಲೋ ಐತಿ."

"ಗುಳಿಗಿ, ಇಂಜೆಕ್ಷನ್ ಏನೂ ಇಲ್ಲೇನ್ರಿ?"

"ಅದಾವ. ಆದ್ರ ಅವಕ್ಕ ಯಾವುದು ನಿಮ್ಮ ಮೈ, ಯಾವುದು ರೋಗ ಅನ್ನೂದು ತಿಳಿಯೂದಿಲ್ಲ. ಎಲ್ಲಾ ಕಡೆ ಹೋಗತಾವ. ಮೊದಲ ಕತ್ತರಸೂದು, ಆಮ್ಯಾಲ ಅವು."

ಹೊರಗೆ ಬಂದು ಛತ್ರಿ ಬಿಚ್ಚುತ್ತ ಮಾವಶಿ ಅಂದಳು: "ಕಾಕಾನ ಮುಂದ ಹದಿನೈದ ದಿನ ಅಂತ ಅನಬ್ಯಾಡ. ನಾ ಹೇಳತೀನಿ."

ನಾನು ಅನ್ನಲಿಲ್ಲ. ಕೇಳಿದ್ದನ್ನು ಕೇಳಿದವರ ಹತ್ತಿರವೇ ಬಿಡುವುದು ನನ್ನ ಸ್ವಭಾವ. ಅದನ್ನು ಆಗ ಗುಣವೆಂದು ತಿಳಿದಿದ್ದೆ.

ಆ ಶನಿವಾರ ಅವಳ ಜೊತೆ ಖಾನಾಪುರಕ್ಕೆ ಹೋದೆ. ಮಧ್ಯಾಹ್ನ ಪಡಸಾಲೆಯಲ್ಲಿ ಕೂತಿದ್ದೆವು. ಮಳೆಗೆ ಹಂಚಿನ ಮೇಲೆ ಒಂದೇ ಸಮ ಸದ್ದು. ಕಿಟಕಿಯ ಸರಳಿಗೆ ಮೊಸರಿನ ಗಂಟು ಕಟ್ಟಿದ್ದಳು, ನನಗೆ ಶ್ರೀಖಂಡ ಇಷ್ಟವೆಂದು. ಎದುರು ಮನೆಯ ಶೇವಂತಾಬಾಯಿ ಜಂಪರ್ ಹಿಡಿದುಕೊಂಡು ಬಂದಳು.

"ಶಾಂತಕ್ಕಾ, ಬಿಗಿ ಮಾಡಿ ಇಟ್ಟೀಯಲ್ಲ. ಉಸರಾಡಾಕ ಬರವಲ್ತು."

"ಜಂಪರ್ ನಾ ಹೊಲದಷ್ಟ ಐತಿ. ಹೋದ ದೀಪಾವಳಿ ಅಳತಿಗೆ ಈಗಿನ ಮೈ ತುರಕಿದ್ರ ಅದೇನ ಮಾಡಬೇಕ?"

"ಚ್ಯಾಷ್ಟಿ ಮಾಡತಿ ಬಿಡ ನೀ," ಎಂದು ಶೇವಂತಾಬಾಯಿ ನಗುತ್ತ ಕೈಯೆತ್ತಿ ನಿಂತಳು. ಮಾವಶಿ ಟೇಪು ಸುತ್ತಿ, ಬಾಯಲ್ಲಿ ಪಿನ್ನು ಹಿಡಿದು ಅಳತೆ ತೆಗೆದಳು. ಶೇವಂತಾಬಾಯಿ ಹೋದ ಮೇಲೆ ಮಾವಶಿ ಟೇಪನ್ನು ಕೊರಳಿಗೆ ಹಾಕಿಕೊಂಡಳು.

"ಈ ಊರಾಗಿನ ಅರ್ಧಾ ಹೆಂಗಸರ ಅಳತಿ ನನ್ನ ವಹಿಯೊಳಗ ಐತಿ, ಗಿರಿಜಾ. ನಾ ಒಂದ ಎದಿ ಇಲ್ಲದ ಇಲ್ಲಿ ಕುಂತ್ರ, ಬಂದವರೆಲ್ಲ ನನ್ನ ಅಳತಿ ತಗೊಂಡು ಹೋಗತಾರ."

ಮತ್ತೆ ಅವಳೇ ಕೇಳಿದಳು: "ನಿಂದೂ ಇದರದ ಔಷಧದ ಕೆಲಸ ಅಲ್ಲೇನ? ಏನ ಮಾಡತಿ ನೀ ಅಲ್ಲೆ? ನನಗ ತಿಳಿಯೂ ಹಂಗ ಹೇಳು."

ಹೇಳಿದೆ. ಯಾರಾದರೂ ಕೇಳಲೆಂದು ಒಂದು ವರ್ಷ ಕಾದವಳಂತೆ ಹೇಳಿದೆ. ಕ್ಯಾನ್ಸರಿನ ಗಡ್ಡೆಗೆ ಬೆಳೆಯುವ ಅವಸರ, ಬೆಳೆಯಲು ರಕ್ತ ಬೇಕು. ಅದಕ್ಕೆ ಸುತ್ತಲಿನ ರಕ್ತನಾಳಗಳಿಂದ ಹೊಸ ಕವಲು ಎಳೆದುಕೊಳ್ಳುತ್ತದೆ. ಆ ಹೊಸ ನಾಳಗಳ ಗೋಡೆ ಸರಿಯಾಗಿ ಕೂಡಿರುವುದಿಲ್ಲ, ನಡುವೆ ಸಂದುಗಳಿರುತ್ತವೆ.

"ಅವಸರದ ಹೊಲಿಗಿ," ಅಂದಳು ಮಾವಶಿ. "ಟಾಕಿ ದೂರ ದೂರ ಬಿದ್ದಾವ."

ಹೌದು. ಒಳ್ಳೆಯ ನಾಳದ ಹೊಲಿಗೆ ಒತ್ತಾಗಿರುತ್ತದೆ. ಈಗಿನ ಔಷಧದ ಅಣು ಎಷ್ಟು ಸಣ್ಣದೆಂದರೆ ಒಳ್ಳೆಯ ನಾಳದಿಂದಲೂ ಸೋರುತ್ತದೆ, ಕೂದಲಿನ ಬೇರಿಗೂ ಹೋಗುತ್ತದೆ, ಕರುಳಿಗೂ ಹೋಗುತ್ತದೆ. ಅದನ್ನೇ ಉದ್ದ ಎಳೆಗೆ ಕಟ್ಟಿದರೆ ಅದು ದೊಡ್ಡದಾಗುತ್ತದೆ. ಒಳ್ಳೆಯ ಗೋಡೆಯಲ್ಲಿ ದಾಟಲಾರದು, ಗಡ್ಡೆಯ ಸಂದಿನಲ್ಲಿ ದಾಟೀತು. ದೇಹದ ಬೇರೆ ಭಾಗಗಳಲ್ಲಿ ಸೋರಿದ್ದನ್ನು ಎಳೆದೊಯ್ಯುವ ಸಣ್ಣ ಕಾಲುವೆಗಳಿವೆ. ಗಡ್ಡೆಯಲ್ಲಿ ಅವು ಸರಿಯಾಗಿ ನಡೆಯುವುದಿಲ್ಲ. ಆದ್ದರಿಂದ ಹೊಕ್ಕ ಎಳೆ ಅಲ್ಲೇ ಉಳಿಯುತ್ತದೆ. ಎಳೆ ಎಷ್ಟು ಉದ್ದವಿರಬೇಕೆಂಬುದನ್ನು ನಾವು ನಿರ್ಧರಿಸುವುದಿಲ್ಲ, ಗಡ್ಡೆಯೇ ನಿರ್ಧರಿಸುತ್ತದೆ. ಗಿಡ್ಡವಾದರೆ ಎಲ್ಲ ಕಡೆ ಸೋರುತ್ತದೆ. ತೀರಾ ಉದ್ದವಾದರೆ ಕೆಲಸ ಮುಗಿದ ಮೇಲೆ ಮೂತ್ರದಲ್ಲಿ ಹೊರಗೆ ಹೋಗುವುದಿಲ್ಲ.

ಮಾವಶಿ ಕಿಟಕಿಯ ಮೊಸರಿನ ಗಂಟಿನ ಕಡೆ ನೋಡಿದಳು. "ನೀರು ಇಳದು ಹೋಗತೈತಿ, ಗಟ್ಟಿ ಚಕ್ಕಾ ಬಟ್ಟಿಯೊಳಗ ಉಳೀತೈತಿ." ಆಮೇಲೆ ಕೇಳಿದಳು: "ಆದ್ರ ಎಳಿ ಒಳಗ ಹೋಗಿ ಹಂಗ ಕುಂತ್ರ ಔಷಧ ಕೆಲಸಾ ಹೆಂಗ ಮಾಡತೈತಿ? ಕಟ್ಟೇ ಐತೆಲ್ಲ."

ಈ ಪ್ರಶ್ನೆಯನ್ನು ನಾನು ಕೇಳುವಂತಾಗಲು ನನ್ನ ಮಾರ್ಗದರ್ಶಕರಿಗೆ ಒಂದು ತಿಂಗಳು ಹಿಡಿದಿತ್ತು. ಏಳನೆಯ ಇಯತ್ತೆ ಕಲಿತವಳು ಅರ್ಧ ಗಂಟೆಯಲ್ಲಿ ಕೇಳಿದಳು. ಜೀವಕೋಶ ಎಳೆಯನ್ನು ನುಂಗಿ ಒಂದು ಚೀಲದೊಳಗೆ ಹಾಕಿಕೊಳ್ಳುತ್ತದೆ, ಆ ಚೀಲದೊಳಗೆ ಹುಳಿ ಇರುತ್ತದೆ ಎಂದೆ. ಎಳೆಗೂ ಔಷಧಕ್ಕೂ ನಡುವಿನ ಬಂಧ ರಕ್ತದಲ್ಲಿ ಗಟ್ಟಿ ಇರಬೇಕು, ಆ ಹುಳಿಯಲ್ಲಿ ಮಾತ್ರ ಬಿಚ್ಚಬೇಕು. ನನ್ನ ಕೆಲಸ ಆ ಬಂಧವೇ.

"ಕಚ್ಚಾ ಹೊಲಿಗಿ," ಅಂದಳು. "ದಾರಿಯೊಳಗ ಬಿಚ್ಚಬಾರದು, ಮುಟ್ಟಿದ ಮ್ಯಾಲ ಒಂದ ಎಳತಕ್ಕ ಬಿಚ್ಚಬೇಕು. ಹಾಕೂದು ಸಸಾರ ಅಲ್ಲ ಅದು. ಬಿಗಿ ಆದ್ರ ಅರಿವಿ ಹರೀತೈತಿ."

ಅದನ್ನು ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ನನಗೆ ಸಂತೋಷವಾಗಿತ್ತು. ಅವಳ ಎದೆಯಲ್ಲಿದ್ದದ್ದರ ಬಗ್ಗೆಯೇ ಮಾತಾಡುತ್ತಿದ್ದೇನೆ ಎಂಬುದನ್ನು ಆ ಒಂದು ಗಂಟೆ ನಾನು ಮರೆತಿದ್ದೆ.

"ಈ ಔಷಧ ಬರತೈತೇನ?" ಎಂದು ಅವಳು ಕೇಳಿದಳು.

"ಬರತೈತಿ," ಅಂದೆ.

ನಮ್ಮ ಮಾತಿನಲ್ಲಿ ಹತ್ತು ನಿಮಿಷಕ್ಕೆ ಬರುವ ಲೋಂಡಾ ಬಸ್ಸೂ ಬರತೈತಿ, ಇಪ್ಪತ್ತು ವರ್ಷಕ್ಕೆ ಬರಬಹುದಾದದ್ದೂ ಬರತೈತಿ. ನಾನು ಎರಡನೆಯದನ್ನು ಹೇಳಿದೆ. ಅವಳು ಮೊದಲನೆಯದನ್ನು ಕೇಳಿಸಿಕೊಂಡಳು. ಕನ್ನಡದಲ್ಲಿ ಅನುಮಾನಕ್ಕೆಂದೇ ಬೇರೆ ರೂಪವಿದೆ. ಮಳಿ ಬಂದೀತು, ಅರಿವಿ ಒಳಗ ತಗೀರಿ ಎಂದು ದಿನವೂ ಅನ್ನುತ್ತೇವೆ. ಎಳೆಯು ಸಂದಿನಲ್ಲಿ ದಾಟೀತು ಎಂದು ಅದೇ ಮಧ್ಯಾಹ್ನ ನಾನೇ ಹೇಳಿದ್ದೆ. ಬಂದೀತು ಎಂದೊಂದು ಮಾತು ಅಂದಿದ್ದರೆ ಅವಳಿಗೆ ತಿಳಿಯುತ್ತಿತ್ತು. ಲೇಖನಗಳಲ್ಲಿ ದಶಾಂಶ ಬಿಂದು ತಪ್ಪಿದರೆ ಹಿಡಿಯುತ್ತಿದ್ದ ನನಗೆ ಈ ಕ್ರಿಯಾಪದ ಹೊಳೆಯಲಿಲ್ಲ.

ಇನ್ನೂ ಹೇಳದೆ ಬಿಟ್ಟದ್ದಿತ್ತು. ನಮ್ಮ ಪ್ರಯೋಗಾಲಯದಲ್ಲಿ ಕ್ಯಾನ್ಸರಿನ ಔಷಧವೇ ಇರಲಿಲ್ಲ. ಅದನ್ನು ತರಿಸುವ ಶಕ್ತಿ ನಮಗಿರಲಿಲ್ಲ. ಅದರ ಬದಲು ಒಂದು ಕೆಂಪು ಬಣ್ಣವನ್ನು ಎಳೆಗೆ ಕಟ್ಟಿ, ಸೆಲೊಫೇನಿನ ನಳಿಗೆಯಲ್ಲಿ ತುಂಬಿ, ನೀರಿನಲ್ಲಿ ಬಿಟ್ಟು, ಎಷ್ಟು ಸೋರಿತೆಂದು ಅಳೆಯುತ್ತಿದ್ದೆ. ರೂಢಿಯಲ್ಲಿ ಆ ಬಣ್ಣಕ್ಕೂ ಔಷಧ ಎಂದೇ ಅನ್ನುತ್ತಿದ್ದೆವು. ನಾನು ಜೀವಂತ ಕ್ಯಾನ್ಸರ್ ಕೋಶವನ್ನು ಕಣ್ಣಿಂದ ನೋಡಿರಲಿಲ್ಲ.

ಹದಿನೈದು ದಿನ ಕಳೆದವು. ಜುಲೈ ಕೊನೆಗೆ ಖಾನಾಪುರಕ್ಕೆ ಹೋದಾಗ ಪಡಸಾಲೆಯಲ್ಲಿ ಪಂಚಮಿಯ ಜಂಪರ್‌ಗಳ ರಾಶಿ ಬಿದ್ದಿತ್ತು. ಮಲಪ್ರಭೆ ತುಂಬಿ ಎರಡು ದಿನ ಬಸ್ಸು ನಿಂತಿದ್ದವು.

"ಮಾವಶಿ, ಡಾಕ್ಟರ್ ಹದಿನೈದ ದಿನ ಅಂದಿದ್ರು."

ಅವಳು ಮಶೀನಿನ ಗಾಲಿ ನಿಲ್ಲಿಸಲಿಲ್ಲ. "ಗಣಪತಿ ಆಗಲಿ. ಮಂದಿ ಅರಿವಿ ಕೊಟ್ಟಾರ. ನೀ ನಿನ್ನ ಕೆಲಸ ಮಾಡು, ನಾ ನಂದು ನೋಡ್ಕೋತೀನಿ."

ತುಸು ಬಿರುಸಾಗಿ ಅಂದಳೆಂದು ನಾನು ಸುಮ್ಮನಾದೆ. ಸಣ್ಣವಳು ನಾನು, ಮತ್ತೆ ಮತ್ತೆ ಹೇಳುವುದು ಸರಿಯಲ್ಲ ಎಂದುಕೊಂಡೆ. ಅದು ಗದರಿಕೆಯಲ್ಲ, ಕರಾರು ಎಂಬುದು ಆಗ ಗೊತ್ತಾಗಲಿಲ್ಲ. ನೀನು ಔಷಧ ಮಾಡು, ನಾನು ಅಲ್ಲಿಯತನಕ ರೋಗವನ್ನು ಹಿಡಿದಿಟ್ಟುಕೊಳ್ಳುತ್ತೇನೆ ಎಂದಿದ್ದಳು.

ಆಮೇಲೆ ಪತ್ರಗಳು. ಹದಿನೈದು ದಿನಕ್ಕೊಂದು ಇನ್‌ಲ್ಯಾಂಡ್ ಬರುತ್ತಿತ್ತು, ದುಂಡನೆಯ ಅಕ್ಷರದಲ್ಲಿ. ಆರೋಗ್ಯದ ಮಾತು ಒಂದು ಸಾಲು, 'ನಾನು ಬೇಷ್ ಇದ್ದೇನೆ'. ಉಳಿದದ್ದೆಲ್ಲ ಪ್ರಶ್ನೆ: ನಿನ್ನ ಎಳೆ ಎಲ್ಲಿಗೆ ಬಂತು? ಕಚ್ಚಾ ಹೊಲಿಗೆ ಕೂತಿತೇ? ನಾನು ಪುಟಗಟ್ಟಲೆ ಉತ್ತರ ಬರೆಯುತ್ತಿದ್ದೆ. ಒಂದರಲ್ಲಿ 'ಈ ವಾರ ಔಷಧ ಎಳೆಗೆ ಚೆನ್ನಾಗಿ ಕೂತಿತು' ಎಂದು ಬರೆದದ್ದು ನೆನಪಿದೆ. ಇನ್ನೊಂದರಲ್ಲಿ 'ಹುಳಿಯಲ್ಲಿ ಇಟ್ಟರೆ ಬಿಚ್ಚುತ್ತದೆ, ರಕ್ತದಂತೆ ಹುಳಿಯಿಲ್ಲದ ನೀರಿನಲ್ಲಿ ಬಿಚ್ಚುವುದಿಲ್ಲ, ಇದೇ ಬೇಕಾಗಿತ್ತು' ಎಂದು ಬರೆದೆ. ಬಣ್ಣ ಎಂಬ ಪದವನ್ನು ಬರೆಯಲಿಲ್ಲ. ನನ್ನ ಕೆಲಸ ಅವಳ ಕಣ್ಣಿನಲ್ಲಿ ಸಣ್ಣದಾಗುವುದು ನನಗೆ ಬೇಡವಾಗಿತ್ತು. ಮಾವಶಿ ನನ್ನನ್ನು ಕೇಳುತ್ತಾಳೆ, ನನ್ನ ಕೆಲಸದ ಮೇಲೆ ಅವಳಿಗೆ ಪ್ರೀತಿ ಎಂದು ಹಿಗ್ಗುತ್ತಿದ್ದೆ. ಆಪರೇಶನ್ ಯಾವಾಗ ಎಂದು ಆ ಪತ್ರಗಳಲ್ಲಿ ನಾನು ಎರಡು ಸಲ ಕೇಳಿದ್ದೇನೆ. ಎರಡೂ ಸಲ ಕೊನೆಯ ಸಾಲಿನಲ್ಲಿ.

ಗಣಪತಿ ಕಳುಹಿಸಿದ ಮೂರನೆಯ ದಿನ ಖಾನಾಪುರಕ್ಕೆ ಹೋದೆ. ಮಾವಶಿಯ ಮುಖ ಸಣ್ಣದಾಗಿತ್ತು. ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಸೆರಗು ಸರಿಸಿದಳು. ಹುಣಸೆಬೀಜದಷ್ಟಿದ್ದದ್ದು ಮುಷ್ಟಿಯಷ್ಟಾಗಿ ಚರ್ಮವನ್ನು ಒಳಗೆ ಎಳೆದುಕೊಂಡಿತ್ತು. ಕಂಕುಳಲ್ಲಿ ಬೇರೆ ಗಂಟುಗಳು ಕೈಗೆ ಸಿಗುತ್ತಿದ್ದವು. ತೋಳು ಬಾತಿತ್ತು. ತಾನೇ ಹೊಲಿದ ದೊಗಳೆ ಜಂಪರಿನೊಳಗೆ ಅದನ್ನು ಎರಡು ತಿಂಗಳು ಮುಚ್ಚಿಟ್ಟಿದ್ದಳು. ಕಾಕಾಗೆ, ಸಣ್ಣ ಗಂಟು, ಹಬ್ಬ ಆದ ಮೇಲೆ ತೆಗೀತಾರ ಎಂದಷ್ಟೇ ಹೇಳಿದ್ದಳು.

"ಆತೇನ?" ಎಂದು ಕೇಳಿದಳು.

"ಏನು?"

"ನಿನ್ನ ಔಷಧ. ಹುಳಿಯೊಳಗ ಬಿಚ್ಚಾಕ ಹತ್ತೇತಿ ಅಂತ ಬರದಿದ್ದಿ. ಇನ್ನ ತಡಾ ಮಾಡಬ್ಯಾಡ, ತಂಗೀ. ಇದರದು ಭಾಳ ಅವಸರ ಐತಿ."

ನಾನು ಮಂಚದ ಮೇಲೆ ಕೂತೆ. ಹೇಳಬೇಕಾದದ್ದನ್ನು ಆಗ ಹೇಳಿದೆ. ಅದು ಔಷಧವಲ್ಲ, ಬಣ್ಣ. ಮನುಷ್ಯರಿಗೆ ಕೊಡುವಂಥದ್ದು ಇಲ್ಲಿ ಆಗುವುದಿಲ್ಲ. ಎಲ್ಲಿಯಾದರೂ ಆದರೂ ಹದಿನೈದು ವರ್ಷ, ಇಪ್ಪತ್ತು ವರ್ಷ. ಆಗದೆಯೂ ಹೋಗಬಹುದು.

ಅವಳು ಸೆರಗನ್ನು ಮಡಿಕೆ ಮಡಿಕೆಯಾಗಿ ಸರಿಮಾಡಿಕೊಂಡಳು.

"ನೀ ಬರತೈತಿ ಅಂದಿದ್ಯಲ್ಲ."

"ಅಂದಿದ್ದೆ."

"ಕಲತಾಕಿ ನೀ. ನಾ ಇನ್ನೊಂದ ಸಲ ಹೆಂಗ ಕೇಳಲಿ, ಖರೇ ಏನ ಅಂತ."

ಮರುದಿನ ಕಾಕಾ ಮತ್ತು ನಾನು ಅವಳನ್ನು ಬೆಳಗಾವಿಗೆ ಕರೆತಂದೆವು. ಅದೇ ಸರ್ಜನ್ನರು. ನೋಡಿ, ಕೈ ತೊಳೆದುಕೊಂಡು, ಅವಳನ್ನು ಹೊರಗೆ ಕೂಡಿಸಿ ನಮ್ಮಿಬ್ಬರಿಗೆ ಹೇಳಿದರು. ಈಗ ಕತ್ತರಿಸಿ ಉಪಯೋಗವಿಲ್ಲ, ಯಕೃತ್ತಿಗೂ ಹೋಗಿರುವಂತಿದೆ, ಮಿರಜಿಗೆ ಕರೆದೊಯ್ದು ಕರೆಂಟು, ಅಂದರೆ ವಿಕಿರಣ, ಕೊಡಿಸಿರಿ, ನೋವಾದರೂ ಕಡಿಮೆಯಾದೀತು. ಯಕೃತ್ತಿಗೆ ಹೇಗೆ ಹೋಯಿತು ಎಂದು ಕಾಕಾ ಕೇಳಿದರು.

"ಗಡ್ಡಿಯೊಳಗಿನ ರಕ್ತನಾಳದ ಗ್ವಾಡಿ ಕಚ್ಚಾ ಇರತಾವ್ರಿ. ಅದರಾಗಿಂದ ರೋಗದ ಕಣ ಹೊರಗ ಬರತಾವ, ರಕ್ತದಾಗ ಕೂಡಿ ಎಲ್ಲಿ ಬೇಕಾದಲ್ಲಿ ಹೋಗಿ ಕುಂದರತಾವ."

ಅದೇ ಸಂದು. ಔಷಧ ಒಳಗೆ ಹೋಗುವ ದಾರಿ ಎಂದು ನಾನು ಪೆನ್ಸಿಲಿನಿಂದ ಅಡಿಗೆರೆ ಹಾಕಿದ್ದು, ಮಾವಶಿಗೆ ಹೊಲಿಗೆಯ ಮಾತಿನಲ್ಲಿ ವಿವರಿಸಿದ್ದು ಅದೇ ಸಂದು. ಅದರಿಂದ ರೋಗ ಹೊರಗೂ ಬರುತ್ತದೆ ಎಂಬುದು ನನ್ನ ನೆರಳಚ್ಚುಗಳಲ್ಲಿ ಇರಲಿಲ್ಲವೆಂದಲ್ಲ. ಅದು ನನ್ನ ಅಧ್ಯಾಯದ ವಿಷಯವಾಗಿರಲಿಲ್ಲ. ನಾನು ಎಳೆಯ ಉದ್ದ ಹೊಂದಿಸುತ್ತಿದ್ದ ವಾರಗಳಲ್ಲಿ, ಎಳೆಗಾಗಿ ಕಾದಿಟ್ಟ ಆ ಬಾಗಿಲಿನಿಂದ ರೋಗದ ಕಣಗಳು ಒಂದೊಂದಾಗಿ ಹೊರಟುಹೋಗಿದ್ದವು.

"ಜೂನಿನ್ಯಾಗ ಹದಿನೈದ ದಿನದಾಗ ಬರ್ರಿ ಅಂತ ಹೇಳಿದ್ದೆ," ಎಂದು ಸರ್ಜನ್ನರು ಹಳೆಯ ಚೀಟಿ ನೋಡುತ್ತ ಅಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಕಾಕಾ ಚೀಟಿಯನ್ನು ಇಸಕೊಂಡು ಕಿಸೆಯಲ್ಲಿಟ್ಟುಕೊಂಡರು.

ಸಂಜೆ ನಮ್ಮ ಮನೆಯಲ್ಲಿ, ಅವ್ವ ಚಹಾ ಇಟ್ಟು ಹೋದ ಮೇಲೆ, ಕಾಕಾ ಆ ಚೀಟಿಯನ್ನು ಮಾವಶಿಯ ಮುಂದೆ ಇಟ್ಟರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಹದಿನೈದ ದಿನ ಅಂದಿದ್ರಂತ. ನನಗ ಹಬ್ಬ ಆದ ಮ್ಯಾಲ ಅಂದಿ. ಯಾಕ?"

ಮಾವಶಿ ನನ್ನ ಕಡೆ ಒಂದು ಸಲ ನೋಡಿದಳು. "ಅಂಜಿದೆ. ಚಂದ ಹೋಗತೈತಿ ಅಂತ ಅಂಜಿಕಿ ಆತು."

"ಈ ವಯಸ್ಸಿನ್ಯಾಗ ಚಂದ? ಯಾರಿಗೆ ತೋರಸಾಕ? ನಾ ಏನರ ಅಂದಿದ್ನೇನು ನಿನಗ?"

"ನೀವು ಅಂದಿಲ್ರಿ. ನನ್ನ ಹುಚ್ಚು."

"ಹುಚ್ಚಲ್ಲ, ಸೊಕ್ಕು," ಅಂದರು ಕಾಕಾ. ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ಅವಳಿಗೆ ಅವರು ಏರುಧ್ವನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಸೊಕ್ಕಿಗೆ ಜೀವಾ ಕಳಕೊಂಡಿ."

ಅವಳು ತಲೆಯಾಡಿಸಿದಳು, ಒಪ್ಪಿಕೊಂಡವಳಂತೆ. ಅವ್ವ ಒಳಗಿನಿಂದ ಬಂದು, "ಸಣ್ಣಾಕಿ ಇದ್ದಾಗಿಂದೂ ಕನ್ನಡಿ ಬಿಡತಿದ್ದಿಲ್ಲ ಬಿಡ್ರಿ ಆಕಿ," ಎಂದು ಅಳತೊಡಗಿದಳು. ಅದಕ್ಕೂ ಮಾವಶಿ ತಲೆಯಾಡಿಸಿದಳು. ನಾನು ಬಾಯಿ ತೆರೆದರೆ ಆಗುತ್ತಿತ್ತು. ಅವಳೇ ಮುಚ್ಚಿದ್ದಾಳಲ್ಲ, ಅವಳ ಮನಸ್ಸಿನ ವಿರುದ್ಧ ನಾನು ಯಾಕೆ ಬಿಚ್ಚಲಿ ಎಂದು ನನಗೆ ನಾನೇ ಹೇಳಿಕೊಂಡೆ. ಖರೇ ಅಂದರೆ ಅವಳು ಅಂಜಿದೆ ಎಂದ ಕ್ಷಣ ನನಗೆ ಹಗುರವಾಗಿತ್ತು. ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಹೋಗಿ ತೊಳೆದೆ.

ಮರುದಿನ ಬೆಳಗ್ಗೆ ಸ್ಟೇಶನ್ನಿಗೆ ಹೋದೆವು. ಮಿರಜಿಗೆ ಮೂವರೂ ಹೋಗುವುದೆಂದು ಆಗಿತ್ತು. ಮಾವಶಿಯನ್ನು ಬಾಕಿನ ಮೇಲೆ ಕೂಡಿಸಿ ಕಾಕಾ ಟಿಕೀಟಿನ ಸಾಲಿನಲ್ಲಿ ನಿಂತರು. ಅವರ ಮುಂದೆ ಎಂಟು ಜನರಿದ್ದರು. ನಾನು ಹೋಗಿ ಅವರ ಬಾಜು ನಿಂತೆ, ಅವರಿಗಷ್ಟೇ ಕೇಳುವ ಹಾಗೆ ಮೊದಲಿನಿಂದ ಹೇಳಿದೆ. ಪಡಸಾಲೆಯ ಮಾತು, ಅವಳು ಕೇಳಿದ್ದು, ನಾನು ಅಂದದ್ದು, ಪತ್ರಗಳು, ಬಣ್ಣ. ಮಾವಶಿಯದು ಸೊಕ್ಕಲ್ಲ, ಅವಳು ನನ್ನ ಮಾತು ನಂಬಿ ಕಾದಳು ಎಂದೆ. ಸಾಲು ಮುಂದೆ ಸರಿಯುತ್ತಿತ್ತು, ಅದರ ಜೊತೆ ನಾವೂ ಸರಿಯುತ್ತಿದ್ದೆವು. ಕಾಕಾ ನನ್ನ ಮುಖ ನೋಡಲಿಲ್ಲ. ಒಂದೇ ಒಂದು ಕೇಳಿದರು.

"ಹದಿನೈದ ದಿನ ಅಂದಿದ್ದು ನಿನಗ ಗೊತ್ತಿತ್ತ?"

"ಗೊತ್ತಿತ್ರಿ."

ಕಿಟಕಿ ಬಂತು. "ಮಿರಜ್, ಎರಡು," ಎಂದು ಅವರು ಒಳಗೆ ಹೇಳಿದರು. ಟಿಕೀಟು ಇಸಕೊಂಡು ಬಾಕಿನ ಕಡೆ ಹೋದರು.

ನಾನು ಸಾಲಿನ ಕೊನೆಗೆ ಹೋಗಿ ನಿಂತೆ. ಈ ಸಲ ಮುಂದೆ ಹನ್ನೊಂದು ಜನರಿದ್ದರು. ನನ್ನ ಸರತಿ ಬಂದಾಗ ಮಿರಜಿಗೆ ಒಂದು ಟಿಕೀಟು ತಗೊಂಡೆ.